ಕಂಬದ ಮೇಲಿನ ಅರ್ಜುನನಿಗೆ ಮೈಕು



ಧರ್ಮಪುರಿ ಸೀಮೆಯಲ್ಲಿ ದ್ರೌಪದಿ ಅಮ್ಮನ ಗುಡಿಯಿರುವ ಊರಿಗೆ ನೀವು ಭಾರತದ ಹಬ್ಬಕ್ಕೆ ಹೋಗಿದ್ದರೆ ಅರ್ಜುನನ ತಪಸ್ಸಿನ ಕಂಬವನ್ನು ನೋಡಿಯೇ ಇರುತ್ತೀರಿ. ಹಗಲು ಪ್ರಸಂಗಿಯವರು ಕೂತು ಭಾರತ ಹೇಳುತ್ತಾರೆ, ರಾತ್ರಿಯೆಲ್ಲ ತೆರುಕ್ಕೂತ್ತು ನಡೆಯುತ್ತದೆ. ಅರ್ಜುನ ಪಾಶುಪತಾಸ್ತ್ರ ಪಡೆಯುವ ಪ್ರಸಂಗ ಬಂತೆಂದರೆ ಆಟ ಚಪ್ಪರ ಬಿಟ್ಟು ಬಯಲಿಗೆ ಬರುತ್ತದೆ. ಅಲ್ಲಿ ಎತ್ತರದ ಕಂಬವೊಂದನ್ನು ನೆಟ್ಟು, ಅಡ್ಡಗೂಟ ಬಡಿದು ಮೆಟ್ಟಿಲು ಮಾಡಿರುತ್ತಾರೆ. ವೇಷಧಾರಿ ಹಾಡು ಹೇಳುತ್ತ ಒಂದೊಂದೇ ಮೆಟ್ಟಿಲು ಹತ್ತಿ, ತುದಿಯಲ್ಲಿ ಕೂತು ಶಿವನನ್ನು ಕರೆಯುತ್ತಾನೆ. ಅವನು ಅಲ್ಲಿಂದ ಎಸೆಯುವ ಹೂವಿಗೆ, ನಿಂಬೆಹಣ್ಣಿಗೆ ಮಕ್ಕಳ ಫಲ ಬೇಡುವ ಹೆಣ್ಣುಮಕ್ಕಳು ಕೆಳಗೆ ಸೆರಗೊಡ್ಡಿ ನಿಂತಿರುತ್ತಾರೆ.

ಆ ಎತ್ತರದಿಂದ ಅವನು ಹಾಡಿದ್ದು ಕೆಳಗೆ ಎಷ್ಟು ಜನಕ್ಕೆ ಕೇಳುತ್ತದೆ? ಗಾಳಿ ಬೀಸುತ್ತಿರುತ್ತದೆ, ಮಗು ಅಳುತ್ತಿರುತ್ತದೆ, ಬೋಂಡದ ಅಂಗಡಿಯಲ್ಲಿ ಎಣ್ಣೆ ಚುರುಗುಟ್ಟುತ್ತಿರುತ್ತದೆ. ಊರಿಗೆ ಮೈಕ್ ಸೆಟ್ ಬಂದ ಮೇಲೆ ರಾಜನ ಮಾತು, ಕಟ್ಟಿಯಕಾರನ ನಗೆಚಾಟಿಕೆ ಎಲ್ಲವೂ ಊರಾಚೆಯ ಹೊಲದವರೆಗೂ ಕೇಳಿಸಿತು. ಅರ್ಜುನನ ಕಷ್ಟ ಮಾತ್ರ ಹಾಗೇ ಉಳಿಯಿತು. ಎರಡು ಕೈಯಲ್ಲೂ ಗೂಟ ಹಿಡಿದು ಹತ್ತುವವನು ಮೈಕನ್ನು ಎಲ್ಲಿ ಹಿಡಿಯಬೇಕು? ತಂತಿಯನ್ನು ಹಿಂದೆ ಎಳೆದುಕೊಂಡು ಹೋದರೆ ಅದು ಕಾಲಿಗೆ ತೊಡರಿಕೊಳ್ಳುವುದಿಲ್ಲವೇ?

ಈ ತೊಡಕನ್ನು ಬಿಡಿಸಿದ ಉಪಕರಣದ ಚರಿತ್ರೆಯನ್ನೂ ಅದನ್ನು ಬಳಸುವ ಬಗೆಯನ್ನೂ ಇವತ್ತು ನಿಮ್ಮ ಮುಂದಿಡುತ್ತೇನೆ. ಪುಸ್ತಕದವರು ಅದನ್ನು ನಿಸ್ತಂತು ಮೈಕ್ರೊಫೋನ್ ಎಂದು ಬರೆಯುತ್ತಾರೆ. ನಮ್ಮ ಕಡೆ ಕನ್ನಡದವರೂ ತಮಿಳಿನವರೂ ಕರೆಯುವುದು ಕಾರ್ಡ್‌ಲೆಸ್ ಮೈಕು ಎಂದು. ನಾವೂ ಹಾಗೇ ಕರೆಯೋಣ.

ಮೈಕು ಇಲ್ಲದ ಕಾಲದಲ್ಲಿ ಹತ್ತು ಜನಕ್ಕೆ ಮಾತು ಮುಟ್ಟಿಸಬೇಕಾದರೆ ಎರಡೇ ದಾರಿಗಳಿದ್ದವು. ಒಂದು, ಡಂಗುರ. ಇತ್ತ ಡಂಗುರ ಎಂದರೂ ಅತ್ತ ತಂಡೋರಾ ಎಂದರೂ ಸಾರುವವನು ಅವನೇ, ತಮಟೆಯೂ ಅದೇ. ಇನ್ನೊಂದು, ಹುಟ್ಟಿನಿಂದ ಬಂದ ಗಂಟಲು. ನಾಟಕದ ಕಂಪನಿಗಳಲ್ಲಿ ಕೊನೆಯ ಸಾಲಿನವನಿಗೆ ಕೇಳಿಸದ ನಟನಿಗೆ ದೊಡ್ಡ ಪಾತ್ರ ದಕ್ಕುತ್ತಿರಲಿಲ್ಲ. ಡಾ. ರಾಜ್‌ಕುಮಾರ್ ಅವರ ಊರು ಗಾಜನೂರು, ಇದೇ ತಮಿಳುನಾಡಿನ ತಾಳವಾಡಿ ಸೀಮೆಯ ಕನ್ನಡದ ಹಳ್ಳಿ. ಅವರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಾತ್ರ ಮಾಡಿದವರು. ರಾಜ್‌ಕುಮಾರ್ ಕೂಡ ಬಾಲ್ಯದಲ್ಲಿ ಅಲ್ಲೇ ಬೆಳೆದರು. 1954ರಲ್ಲಿ 'ಬೇಡರ ಕಣ್ಣಪ್ಪ' ಬರುವ ಹೊತ್ತಿಗೆ ಆ ಕಂಠ ರಂಗಭೂಮಿಯಲ್ಲಿ ಹದಗೊಂಡು ಬಂದಿತ್ತು. ಸಿನಿಮಾದ ಮೈಕು ಹೊಸದಾಗಿ ಕಲಿಸಬೇಕಾದದ್ದು ಅದಕ್ಕೆ ಹೆಚ್ಚೇನೂ ಇರಲಿಲ್ಲ.

ಗಂಟಲಿಲ್ಲದವರ ಗತಿ? ಮೆಲುದನಿಯವರು, ಹೆಂಗಸರು, ವಯಸ್ಸಾದವರು ಸಭೆಯಲ್ಲಿ ಹೇಳಬೇಕಾದದ್ದು ಏನೇ ಇದ್ದರೂ ಅದು ಎರಡನೆಯ ಸಾಲು ದಾಟುತ್ತಿರಲಿಲ್ಲ. ಈ ಚರಿತ್ರೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ ವಿಷಯ. ಮುಂದೆ ಇದಕ್ಕೆ ಮತ್ತೆ ಬರುತ್ತೇನೆ.

ಮೈಕು ಮೊದಲು ಹುಟ್ಟಿದ್ದು ಟೆಲಿಫೋನಿಗಾಗಿ. 1877 ಮತ್ತು 1878ರಲ್ಲಿ ಅಮೆರಿಕದ ಎಡಿಸನ್, ಬರ್ಲೀನರ್, ಇಂಗ್ಲೆಂಡಿನ ಹ್ಯೂಸ್ ಇವರೆಲ್ಲ ಸಡಿಲವಾಗಿ ತಾಗಿಕೊಂಡಿರುವ ಎರಡು ತುಣುಕುಗಳ ನಡುವೆ ವಿದ್ಯುತ್ತು ಹರಿಸಿ, ಮಾತಿನ ನಡುಕಕ್ಕೆ ತಕ್ಕಂತೆ ಆ ವಿದ್ಯುತ್ತು ಏರಿಳಿಯುವುದನ್ನು ತೋರಿಸಿದರು. ಇದ್ದಿಲಿನ ಪುಡಿ ತುಂಬಿದ ಮೈಕು ಬಂದದ್ದು ಆ ದಾರಿಯಲ್ಲಿ. ಆ ಸಣ್ಣ ವಿದ್ಯುತ್ತನ್ನು ಮತ್ತೆ ದೊಡ್ಡ ಸದ್ದು ಮಾಡಿ ಬಯಲಿಗೆ ಕೇಳಿಸಲು ಇನ್ನೂ ಮೂರು ನಾಲ್ಕು ದಶಕ ಬೇಕಾಯಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೆನ್ಸನ್, ಪ್ರಿಧಮ್ ಎಂಬಿಬ್ಬರು ಕ್ರಿಸ್‌ಮಸ್ ಹಿಂದಿನ ರಾತ್ರಿ ದೊಡ್ಡ ಜನಸಂದಣಿಗೆ ಧ್ವನಿವರ್ಧಕದಲ್ಲಿ ಹಾಡು, ಭಾಷಣ ಕೇಳಿಸಿದರು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ನಿಂತವರು ಸಿಂಧ್ ಪ್ರಾಂತದ ಮೋಟ್ವಾನಿ ಮನೆತನದವರು. ಸಂಸ್ಥೆಯ ಹೆಸರು ಶಿಕಾಗೊ ರೇಡಿಯೊ, ಮನೆ ಮಾತ್ರ ಮುಂಬಯಿ! ಗಾಂಧೀಜಿಯವರ ಹಳೆಯ ಫೋಟೊಗಳಲ್ಲಿ ಮೈಕಿನ ಮೇಲೆ ಆ ಹೆಸರಿನ ಫಲಕವನ್ನು ನೀವು ಕಂಡಿರಬಹುದು. 1931ರ ಕರಾಚಿ ಕಾಂಗ್ರೆಸ್ ಅಧಿವೇಶನದ ಹೊತ್ತಿನಿಂದ ನಾನಿಕ್ ಮೋಟ್ವಾನಿಯವರು ರಾಷ್ಟ್ರೀಯ ಸಭೆಗಳಿಗೆ ಧ್ವನಿವರ್ಧಕ ಕಟ್ಟಿಕೊಡುತ್ತ ಬಂದರು. ಗಾಂಧೀಜಿಯವರದು ಗರ್ಜಿಸುವ ಕಂಠವಲ್ಲ. ಪಕ್ಕದಲ್ಲಿ ಕೂತವರ ಜೊತೆ ಆಡಿದಂತೆ ಆಡುವ ಮಾತು ಲಕ್ಷ ಜನರಿಗೆ ಮುಟ್ಟಿತೆಂದರೆ ಅದಕ್ಕೆ ಮೈಕೂ ಕಾರಣ.

ತಂತಿಯ ಮೈಕು ಮಾತನ್ನು ಹೀಗೆ ದೂರ ಒಯ್ಯಿತು, ಮಾತಾಡುವವನನ್ನು ಮಾತ್ರ ಒಂದೇ ಕಡೆ ಕಟ್ಟಿಹಾಕಿತು. ಕೂತ್ತಿನ ಚಪ್ಪರದಲ್ಲಿ ಗಳುವಿನಿಂದ ಎರಡು ಮೂರು ಮೈಕು ಇಳಿಬಿಟ್ಟಿರುವುದನ್ನು ನೆನೆಸಿಕೊಳ್ಳಿ. ಗಿರಗಿರನೆ ಸುತ್ತಿ ಕುಣಿದು ಬಂದ ದುರ್ಯೋಧನ ಮಾತಿನ ಸಮಯಕ್ಕೆ ಸರಿಯಾಗಿ ಮೈಕಿನ ಅಡಿಗೆ ಬಂದು ನಿಲ್ಲಬೇಕು. ದ್ರೌಪದಿ ಅವನಿಗೆ ಬೆನ್ನು ತಿರುಗಿಸಿ ದೂರ ಸರಿಯಬೇಕೆಂದರೂ ಆಗದು, ಸರಿದರೆ ಅವಳ ಮಾತು ಯಾರಿಗೂ ಕೇಳದು. ಹೀಗಾಗಿ ವೈರಿಗಳಿಬ್ಬರೂ ಒಂದೇ ಮೈಕಿನ ಕೆಳಗೆ ಭುಜಕ್ಕೆ ಭುಜ ತಾಗಿಸಿ ನಿಂತು ಜಗಳವಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಆಟದ ಸಂಪ್ರದಾಯವಲ್ಲ, ಇಳಿಬಿಟ್ಟ ತಂತಿಯ ಮೋಟುತನ ಅಷ್ಟೆ.

ತಂತಿ ಎಂಬ ಮಾತಿಗೂ ಮೊರಪ್ಪೂರಿಗೂ ಹಳೆಯ ನಂಟು. ಮದರಾಸಿನಿಂದ ಸೇಲಂ ಕಡೆಗೆ ಹೋಗುವ ರೈಲುಹಾದಿ 1860ರ ದಶಕದ ಮೊದಲಲ್ಲೇ ಈ ಸೀಮೆಯನ್ನು ಹಾಯ್ದಿತ್ತು. ರೈಲು ಹೋದಲ್ಲೆಲ್ಲ ಪಕ್ಕದಲ್ಲಿ ತಂತಿಕಂಬ ಹೋಗುತ್ತದೆ. 1906ರಲ್ಲಿ ಮೊರಪ್ಪೂರಿನಿಂದ ಧರ್ಮಪುರಿಗೆ ಸಣ್ಣ ಹಳಿಯ ರೈಲು ಆರಂಭವಾಯಿತು, 1913ರಲ್ಲಿ ಅದು ಹೊಸೂರಿನವರೆಗೆ ಬೆಳೆಯಿತು. ಬರಗಾಲಕ್ಕೆ ಆಸರೆಯಾಗಲೆಂದು ಹಾಕಿದ ಹಾದಿ ಅದು. ಎರಡನೆಯ ಮಹಾಯುದ್ಧದ ಕಾಲಕ್ಕೆ, 1941ರಲ್ಲಿ, ನಿಂತೇಹೋಯಿತು, ಹಳಿಗಳನ್ನು ಕಿತ್ತು ಒಯ್ದರು. ತಂತಿ ಸುದ್ದಿ ಅದಕ್ಕಿಂತ ಬಹುಕಾಲ ಬಾಳಿ 2013ರ ಜುಲೈಯಲ್ಲಿ ಕೊನೆಯಾಯಿತು.

ಮೊರಪ್ಪೂರಿಗೆ ಆ ಸಣ್ಣ ರೈಲು ಬಂದ ಅದೇ 1906ರ ಡಿಸೆಂಬರಿನಲ್ಲಿ ಅಮೆರಿಕದ ಕಡಲತೀರದಲ್ಲಿ ಫೆಸೆಂಡೆನ್ ಎಂಬ ವಿಜ್ಞಾನಿ, ತಂತಿಯ ನೆರವಿಲ್ಲದೆ ಮನುಷ್ಯನ ಮಾತನ್ನೇ ಗಾಳಿಯ ದಾರಿಯಲ್ಲಿ ಕಳುಹಿಸಿ ಅತಿಥಿಗಳಿಗೆ ತೋರಿಸಿದ. ಅದಕ್ಕೆ ಮುಂಚೆ ಬೋಸರು, ಮಾರ್ಕೋನಿಯವರು ಸನ್ನೆಗಳನ್ನು ಕಳುಹಿಸಿದ್ದರು, ಮಾತನ್ನಲ್ಲ. ಫೆಸೆಂಡೆನ್ನನ ಉಪಾಯ ಬಲು ಒರಟು. ಏರಿಯಲ್ಲಿಗೆ ಹೋಗುವ ವಿದ್ಯುತ್ತೆಲ್ಲ ಮೈಕಿನ ಇದ್ದಿಲಿನ ಮೂಲಕವೇ ಹಾಯುತ್ತಿತ್ತು, ಮೈಕು ಬಿಸಿಯೇರುತ್ತಿತ್ತು. ಅದನ್ನು ಕಂಬದ ತುದಿಗೆ ಒಯ್ಯುವುದು ಹಾಗಿರಲಿ, ಮೇಜಿನಿಂದ ಎತ್ತುವಂತೆಯೂ ಇರಲಿಲ್ಲ.

ಕನ್ನಡದವರಿಗೆ ಈ ವಿದ್ಯೆ ಮನೆಯಂಗಳಕ್ಕೆ ಬಂದದ್ದು ಮೈಸೂರಿನಲ್ಲಿ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠ್ಠಲ ವಿಹಾರ'ದಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ಅವರ ಬಳಿ ಇದ್ದ ಪ್ರೇಷಕಯಂತ್ರದ ಬಲ 30 ವ್ಯಾಟ್. ಹಳೆಯ ಕಾಲದ ಮನೆಯ ಟ್ಯೂಬ್‌ಲೈಟಿನಷ್ಟೂ ಇಲ್ಲ. ಆ ನಿಲಯಕ್ಕೆ ಸಂದ 'ಆಕಾಶವಾಣಿ' ಎಂಬ ಹೆಸರು ಮುಂದೆ ದೇಶದ ರೇಡಿಯೊಗೆಲ್ಲ ಹೆಸರಾಯಿತು. ಸರ್ಕಾರದ ಕಚೇರಿಯಲ್ಲದೆ, ದೊಡ್ಡ ಕಂಪನಿಯಲ್ಲದೆ, ಒಬ್ಬ ಮೇಷ್ಟರು ತಮ್ಮ ಮನೆಯಲ್ಲಿ ಕೂತು ಊರಿಗೆಲ್ಲ ಮಾತು ಕೇಳಿಸಬಹುದೆಂಬುದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಗೋಪಾಲಸ್ವಾಮಿಯವರ ಮನೆಯನ್ನು ಇಲ್ಲಿ ನೆನೆಯಲು ಕಾರಣವಿದೆ. ಕಾರ್ಡ್‌ಲೆಸ್ ಮೈಕೆಂದರೆ ಕೈಯಲ್ಲಿ ಹಿಡಿಯುವ ಒಂದು ಪುಟ್ಟ ಆಕಾಶವಾಣಿ ನಿಲಯ. ಎರಡು ಭಾಷೆ ಬಲ್ಲ ನಿಮಗೆ ಇದನ್ನು ವಿವರಿಸುವುದು ಸುಲಭ. ತಮಿಳಿನಲ್ಲಿ ಮೈಕಿಗೆ ಒಲಿವಾಂಗಿ ಎನ್ನುತ್ತಾರೆ, ಸದ್ದನ್ನು ಕೊಳ್ಳುವಂಥದ್ದು. ರೇಡಿಯೊಗೆ ವಾನೊಲಿ, ಬಾನಿನ ಸದ್ದು. ಧ್ವನಿವರ್ಧಕಕ್ಕೆ ಒಲಿಪೆರುಕ್ಕಿ, ಸದ್ದನ್ನು ಹೆಚ್ಚಿಸುವಂಥದ್ದು. ಕಾರ್ಡ್‌ಲೆಸ್ ಏರ್ಪಾಟಿನಲ್ಲಿ ಈ ಮೂರೂ ಸಾಲಾಗಿ ನಿಂತಿವೆ. ಮೈಕಿನ ತಲೆ ಮಾತನ್ನು ಕೊಳ್ಳುತ್ತದೆ. ಹಿಡಿಯೊಳಗಿನ ಪ್ರೇಷಕ ಅದನ್ನು ಬಾನಿಗೆ ಬಿಡುತ್ತದೆ. ಮೈಕ್ ಸೆಟ್ಟಿನ ಮೇಜಿನ ಮೇಲಿರುವ ಗ್ರಾಹಕ, ಅಂದರೆ ರಿಸೀವರ್, ನಿಮ್ಮ ಮನೆಯ ರೇಡಿಯೊದಂತೆ ಅದನ್ನು ಹಿಡಿದು ಆಂಪ್ಲಿಫೈಯರಿಗೆ ಕೊಡುತ್ತದೆ. ಕೈಮೈಕಿನ ಬಲ ಸಾಮಾನ್ಯವಾಗಿ 10 ಮಿಲಿವ್ಯಾಟಿನಿಂದ 50 ಮಿಲಿವ್ಯಾಟಿನವರೆಗೆ. ಗೋಪಾಲಸ್ವಾಮಿಯವರ ಪ್ರೇಷಕಕ್ಕೆ ಹೋಲಿಸಿದರೆ 10 ಮಿಲಿವ್ಯಾಟ್ ಎಂದರೆ ಅದರ ಮೂರು ಸಾವಿರದಲ್ಲಿ ಒಂದು ಪಾಲು. ಅದು ಒಂದು ಬಯಲನ್ನು ದಾಟಿದರೆ ಸಾಕು, ಊರು ದಾಟಬೇಕಾಗಿಲ್ಲ.

ರೇಡಿಯೊ ನಿಲಯ ಕೈಗೆ ಬರುವಷ್ಟು ಕುಗ್ಗಿದ್ದು ಹೇಗೆ? ಮೊದಲು ಮಾಡಿದವರು ಯಾರೆಂಬ ವಾದ ಇನ್ನೂ ಮುಗಿದಿಲ್ಲ. ನನಗೆ ಇಷ್ಟವಾದ ಕಥೆ ಇಂಗ್ಲೆಂಡಿನ ರೆಜ್ ಮೂರ್ಸ್ ಎಂಬವನದು. ಅವನು ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಆಟಗಾರ, ಜೊತೆಗೆ ರೇಡಿಯೊ ಹುಚ್ಚು. 1949ರಲ್ಲಿ ಬ್ರೈಟನ್ ಊರಿನಲ್ಲಿ ಮಂಜಿನ ಮೇಲೆ ನಡೆದ ಅಲ್ಲಾದೀನನ ನಾಟಕಕ್ಕೆ ಅವನು ಒಂದು ಸಣ್ಣ ಪ್ರೇಷಕ ಕಟ್ಟಿ ನಟನ ಉಡುಪಿಗೆ ಸಿಕ್ಕಿಸಿದ. ಜಾರುವವನ ಹಿಂದೆ ತಂತಿ ಎಳೆದರೆ ಏನಾದೀತೆಂದು ಊಹಿಸಿ. ನಮ್ಮ ಅರ್ಜುನನ ಕಷ್ಟವೇ ಅವರದೂ. ಅವನು ಹಿಡಿದ ಕಂಪನಾಂಕಕ್ಕೆ ಸರ್ಕಾರದ ಅನುಮತಿಯಿರಲಿಲ್ಲ, ಆದ್ದರಿಂದ ಪೇಟೆಂಟ್ ಕೇಳಲೂ ಹೋಗಲಿಲ್ಲ. 1953ರಲ್ಲಿ ಅಮೆರಿಕದ ಶ್ಯೂರ್ ಸಂಸ್ಥೆ 'ವ್ಯಾಗಬಾಂಡ್', ಅಂದರೆ ಅಲೆಮಾರಿ, ಎಂಬ ಮೈಕನ್ನು ಮಾರಾಟಕ್ಕೆ ತಂದಿತು. ಗಾಜಿನ ವಾಲ್ವುಗಳ ಕಾಲ ಅದು. ನೆಲದ ಮೇಲೆ ಏರಿಯಲ್ ತಂತಿಯನ್ನು ಸುತ್ತ ಹಾಸಿ, ಅದರೊಳಗೆ 700 ಚದರ ಅಡಿಯಷ್ಟು ಜಾಗದಲ್ಲಿ ಮಾತ್ರ ಈ ಅಲೆಮಾರಿ ಅಲೆಯಬಹುದಾಗಿತ್ತು. 1964ರ 'ಮೈ ಫೇರ್ ಲೇಡಿ' ಚಿತ್ರದಲ್ಲಿ ನಟ ರೆಕ್ಸ್ ಹ್ಯಾರಿಸನ್ ಮೊದಲೇ ಮುದ್ರಿಸಿದ ಹಾಡಿಗೆ ತುಟಿಯಾಡಿಸಲು ಒಪ್ಪಲಿಲ್ಲ, ಅವನ ಟೈಯೊಳಗೆ ಕಾರ್ಡ್‌ಲೆಸ್ ಮೈಕು ಬಚ್ಚಿಟ್ಟರು. ಆ ವರ್ಷ ಶಬ್ದಗ್ರಹಣಕ್ಕೆ ಆಸ್ಕರ್ ಬಂದದ್ದು ಅದೇ ಚಿತ್ರಕ್ಕೆ.

ಟ್ರಾನ್ಸಿಸ್ಟರ್ ಬಂದು ವಾಲ್ವುಗಳನ್ನು ಓಡಿಸಿತು. 1970ರ ದಶಕದ ನಡುವಿನಲ್ಲಿ ಇನ್ನೊಂದು ಒಳ್ಳೆಯ ಉಪಾಯ ಬಂತು. ಪಿಸುಮಾತಿನಿಂದ ಕೂಗಿನವರೆಗಿನ ಏರಿಳಿತವನ್ನು ಮೈಕಿನಲ್ಲಿ ಮಡಚಿ ಸಣ್ಣದು ಮಾಡಿ ಕಳುಹಿಸುವುದು, ಗ್ರಾಹಕದಲ್ಲಿ ಅದನ್ನು ಮತ್ತೆ ಬಿಡಿಸಿ ಹರವುವುದು. ಸೀರೆಯನ್ನು ಮಡಿಕೆ ಹಾಕಿ ಪೆಟ್ಟಿಗೆಯಲ್ಲಿಟ್ಟು ಕಳುಹಿಸಿದಂತೆ. ದಾರಿಯ ಗರಗರ ಸದ್ದು ಇದರಿಂದ ಬಹುಮಟ್ಟಿಗೆ ಅಡಗಿತು.

ಇನ್ನು ಬಳಸುವ ಬಗೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ಬಾಡಿಗೆ ಕೊಟ್ಟು ತಂದ ಮೈಕು ಆಟದ ನಡುವೆ ಕೈಕೊಟ್ಟರೆ ಬೈಸಿಕೊಳ್ಳುವವರು ನೀವು.

ಮೊದಲ ಪ್ರಶ್ನೆ, ಇದು ಬೇಕೇ? ಭಾರತ ಹೇಳುವ ಪ್ರಸಂಗಿಯವರು ಕೂತಲ್ಲೇ ಕೂತು ಹೇಳುತ್ತಾರೆ. ಹಾರ್ಮೋನಿಯಂ, ಮದ್ದಳೆ, ಮುಖವೀಣೆಯವರೂ ಹಾಗೇ. ಅವರಿಗೆಲ್ಲ ತಂತಿಯ ಮೈಕೇ ವಾಸಿ. ಅದಕ್ಕೆ ಸೆಲ್ಲು ಮುಗಿಯುವ ಭಯವಿಲ್ಲ, ಬೇರೆ ಸದ್ದು ನುಗ್ಗುವ ಭಯ ಕಡಿಮೆ, ಬೆಲೆಯೂ ಕಡಿಮೆ. ಚಲಿಸುವವನಿಗೆ ಮಾತ್ರ ಕಾರ್ಡ್‌ಲೆಸ್ ಇರಲಿ. ಕಂಬ ಹತ್ತುವ ಅರ್ಜುನನಿಗೆ ಬೇಕು. ಕೊನೆಯ ದಿನ ಬಯಲಿನಲ್ಲಿ ಮಲಗಿಸಿದ ಮಣ್ಣಿನ ದುರ್ಯೋಧನನ ಮೇಲೆಲ್ಲ ಓಡಾಡುವ ಭೀಮನಿಗೆ ಬೇಕು. ಎಲ್ಲರಿಗೂ ಒಂದೊಂದು ಕೊಡುತ್ತೇವೆಂದು ಮೈಕ್ ಸೆಟ್ಟಿನವರು ಹೇಳಿದರೆ ಬೇಡವೆನ್ನಿ.

ಗ್ರಾಹಕವನ್ನು ಇಡುವ ಜಾಗವೇ ಅರ್ಧ ಕೆಲಸ. ವ್ಯಾನಿನೊಳಗೆ, ತಗಡಿನ ಮರೆಯಲ್ಲಿ, ಆಂಪ್ಲಿಫೈಯರಿನ ಬೆನ್ನಿಗೆ ಅದನ್ನು ತುರುಕಬಾರದು. ಮೈಕು ಹಿಡಿದವನು ಅದಕ್ಕೆ ಕಾಣುತ್ತಿರಬೇಕು. ಎದೆಯೆತ್ತರಕ್ಕಿಂತ ಮೇಲೆ ಒಂದು ಹಲಗೆಯ ಮೇಲಿಟ್ಟು, ಎರಡು ಏರಿಯಲ್ ಇದ್ದರೆ ಎತ್ತಿನ ಕೊಂಬಿನಂತೆ ಅಗಲಿಸಿ ನಿಲ್ಲಿಸಿ. ಎರಡು ಏಕೆಂದರೆ, ರೇಡಿಯೊ ಅಲೆ ನೇರವಾಗಿ ಬರುವುದರ ಜೊತೆಗೆ ತಗಡಿಗೆ, ಲಾರಿಗೆ, ಗೋಡೆಗೆ ಬಡಿದು ಸುತ್ತುಬಳಸಿಯೂ ಬರುತ್ತದೆ. ಎರಡೂ ಬಂದು ಒಂದನ್ನೊಂದು ಅಳಿಸುವ ಜಾಗದಲ್ಲಿ ಮಾತು ಕಟ್ಟಾಗುತ್ತದೆ. ಒಂದು ಏರಿಯಲ್ಲಿಗೆ ಹಾಗಾದ ಗಳಿಗೆಯಲ್ಲಿ ಇನ್ನೊಂದು ಏರಿಯಲ್ ಹಿಡಿದುಕೊಳ್ಳುತ್ತದೆ.

ಏರಿಯಲ್ಲಿನ ಉದ್ದಕ್ಕೂ ಲೆಕ್ಕವಿದೆ. 200 ಮೆಗಾಹರ್ಟ್ಸ್ ಕಂಪನಾಂಕದ ಅಲೆಯ ಉದ್ದ ಒಂದೂವರೆ ಮೀಟರ್, ಅದರ ಕಾಲುಭಾಗ ಸುಮಾರು 37 ಸೆಂಟಿಮೀಟರ್. 600 ಮೆಗಾಹರ್ಟ್ಸ್ ಆದರೆ ಕಾಲುಭಾಗ 12 ಸೆಂಟಿಮೀಟರಿನಷ್ಟು. ಹಳೆಯ ಮೈಕಿಗೆ ಉದ್ದ ಬಾಲ, ಹೊಸದಕ್ಕೆ ಗಿಡ್ಡ ಬಾಲ ಇರುವುದು ಈ ಕಾರಣಕ್ಕೆ. ಬಾಲ ಅಡ್ಡವಾಯಿತೆಂದು ಕತ್ತರಿಸುವುದು, ಸುರುಳಿ ಸುತ್ತುವುದು ಮಾಡಬೇಡಿ. ಕೈಮೈಕಿನ ಏರಿಯಲ್ ಸಾಮಾನ್ಯವಾಗಿ ಅದರ ಬುಡದಲ್ಲಿರುತ್ತದೆ, ಆದ್ದರಿಂದ ಬುಡ ಮುಚ್ಚದೆ ನಡುವಿನಲ್ಲಿ ಹಿಡಿಯಬೇಕು.

ಒಂದು ಮೈಕಿಗೆ ಒಂದು ಕಂಪನಾಂಕ. ಒಂದೇ ಕಂಪನಾಂಕದಲ್ಲಿ ಎರಡು ಮೈಕು ಮಾತಾಡಿದರೆ ಎರಡೂ ಬೆರೆತು ಕೇಳುವುದಿಲ್ಲ, ಎಫ್‌ಎಂ ಪದ್ಧತಿಯಲ್ಲಿ ಬಲವಾದದ್ದು ಬಡಪಾಯಿಯನ್ನು ನುಂಗಿಬಿಡುತ್ತದೆ. ಜನ ಸೇರುವ ಮೊದಲು ನಿಮ್ಮ ಮೈಕುಗಳನ್ನೆಲ್ಲ ಆರಿಸಿ, ಗ್ರಾಹಕವನ್ನು ಮಾತ್ರ ಹಾಕಿ ನೋಡಿ. ಸಿಗ್ನಲ್ ದೀಪ ಹೊತ್ತಿದರೆ ಅದೇ ಕಂಪನಾಂಕದಲ್ಲಿ ಬೇರೆ ಯಾರೋ ಇದ್ದಾರೆ, ಪಕ್ಕದೂರಿನ ಕಲ್ಯಾಣಮಂಟಪವೂ ಇರಬಹುದು. ಬೇರೆ ಕಂಪನಾಂಕಕ್ಕೆ ಸರಿಯಿರಿ. ಹಳೆಯ ಕೆಲವು ಮೈಕುಗಳು 700 ಮೆಗಾಹರ್ಟ್ಸಿನ ಮೇಲೆ ಕೆಲಸ ಮಾಡುವಂಥವು. 2022ರ ಹರಾಜಿನ ನಂತರ ಆ ಪಟ್ಟಿಯ ಒಂದು ಭಾಗ ನಮ್ಮ ದೇಶದಲ್ಲಿ ಮೊಬೈಲಿನ ಪಾಲಾಗಿದೆ. ಅಗ್ಗಕ್ಕೆ ಸಿಕ್ಕಿತೆಂದು ಅಂಥದನ್ನು ಕೊಂಡರೆ ಅರ್ಜುನನ ಹಾಡಿನ ನಡುವೆ ಗುರ್‌ಗುಡುವ ಸದ್ದೇ ಪಾಶುಪತಾಸ್ತ್ರ. ಕೊಳ್ಳುವಾಗ ಯಾವ ಕಂಪನಾಂಕ, ಸರ್ಕಾರದ ಅನುಮೋದನೆ ಇದೆಯೇ ಎಂದು ಕೇಳಿ. ಈ ಕೇಳ್ವಿಕೆ ಹೊಸದೇನಲ್ಲ. 1933ರ ಕಾಯಿದೆಯಂತೆ ರೇಡಿಯೊ ಕೇಳುವುದಕ್ಕೂ ಲೈಸೆನ್ಸ್ ಬೇಕಾಗಿತ್ತು, ಅಂಚೆ ಕಚೇರಿಯಲ್ಲಿ ವರ್ಷ ವರ್ಷವೂ ಹಣ ಕಟ್ಟಿದ ಪುಸ್ತಕ ನಿಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. 1980ರ ದಶಕದಲ್ಲಿ ಆ ಶುಲ್ಕ ಹೋಯಿತು. ಆ ಹಳೆಯ ಕಾಯಿದೆಯ ಜಾಗಕ್ಕೆಂದು 2023ರಲ್ಲಿ ದೂರಸಂಪರ್ಕ ಕಾಯಿದೆ ಬಂದಿದೆ.

ವೇಷದ ವಿಚಾರಕ್ಕೆ ಬರೋಣ. ಅರ್ಜುನನಿಗೆ ಕೈಮೈಕು ಆಗದು, ಎದೆಗೆ ಸಿಕ್ಕಿಸುವ ಕಾಲರ್ ಮೈಕು ಬೇಕು. ಅದರ ಪೆಟ್ಟಿಗೆ ಸೊಂಟದ ಹಿಂದೆ ಇರಲಿ. ಕೂತ್ತಿನ ಆಭರಣವೆಂದರೆ ಮರ, ಕನ್ನಡಿ, ಬೇಗಡೆ. ಲೋಹದ ಹಾಳೆ ರೇಡಿಯೊ ಅಲೆಗೆ ಗೋಡೆಯಿದ್ದಂತೆ, ಆದ್ದರಿಂದ ಬಾಲ ಅದರ ಅಡಿಗೆ ಸಿಕ್ಕದೆ ನೇರವಾಗಿ ಇಳಿದಿರಬೇಕು. ಎದೆಯ ಮೇಲಿನ ಮೈಕಿಗೆ ಹಾರ, ಭುಜಕೀರ್ತಿ ಉಜ್ಜಬಾರದು, ಉಜ್ಜಿದರೆ ಯುದ್ಧವೇ ಶುರುವಾದಂತೆ ಕೇಳುತ್ತದೆ. ಬೆವರು ಉಪ್ಪುನೀರು, ಅದು ಪೆಟ್ಟಿಗೆಯೊಳಗೆ ಇಳಿದರೆ ಮೈಕು ಸತ್ತಂತೆ. ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬಟ್ಟೆಯಿಂದ ಬಿಗಿದು ಕಟ್ಟಿ. ಕೂತ್ತಿನವರ ಕಂಠ ದೊಡ್ಡದು, ಭಾಷಣಕಾರರಿಗೆ ಇಟ್ಟ ಹದ ಅವರಿಗೆ ಒಗ್ಗುವುದಿಲ್ಲ. ಪೆಟ್ಟಿಗೆಯಲ್ಲಿರುವ ಸಣ್ಣ ತಿರುಪನ್ನು ತಗ್ಗಿಸಿ, ಅವರು ಕೂಗಿದಾಗಲೂ ದನಿ ಒಡೆಯದಂತೆ ನೋಡಿಕೊಳ್ಳಿ.

ಹಾರ್ನನ್ನು ಅರ್ಜುನನ ಕಂಬಕ್ಕೇ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ, ಎತ್ತರದ ಕಂಬ ಸಿಕ್ಕಿತಲ್ಲ ಎಂದು. ಕಟ್ಟಬೇಡಿ. ಹಾರ್ನಿನ ಸದ್ದು ಮತ್ತೆ ಅವನ ಮೈಕಿಗೆ ಹೋಗಿ, ಅಲ್ಲಿಂದ ಮತ್ತೆ ಹಾರ್ನಿಗೆ ಬಂದು, ಕುಂಯ್ ಎಂದು ಕೂಗು ಎದ್ದು ನಿಲ್ಲುತ್ತದೆ. ಹಾರ್ನುಗಳು ಅವನಿಗೆ ಬೆನ್ನು ಮಾಡಿ ಜನರ ಕಡೆ ಮುಖ ಮಾಡಿರಲಿ. ಆಟದ ದಿನ ಬೆಳಿಗ್ಗೆಯೇ ಒಬ್ಬರು ಮೈಕು ಹಿಡಿದು, ಗ್ರಾಹಕದ ಬಳಿ ಇನ್ನೊಬ್ಬರು ಕಿವಿಗೊಟ್ಟು, ಒಂದು ಎರಡು ಮೂರು ಎಂದು ಎಣಿಸುತ್ತ ಬಯಲೆಲ್ಲ ನಡೆಯಬೇಕು. ಹತ್ತಿ ಅಭ್ಯಾಸವಿರುವವರು ಕಂಬದ ತುದಿಯಿಂದಲೂ ಎಣಿಸಲಿ. ಎಣಿಕೆ ಎಲ್ಲಿ ಕಟ್ಟಾಯಿತೋ ಅದಕ್ಕೆ ತಕ್ಕಂತೆ ಗ್ರಾಹಕವನ್ನು ಸರಿಸಿ. ಮೈಕಿನ ತಲೆಗೆ ತಟ್ಟುವುದು, ಫೂ ಎಂದು ಊದುವುದು ಬೇಡ. ಅದಕ್ಕೆ ಉಗುಳಿನ ತೇವ ಸೇರುವುದಷ್ಟೇ ಲಾಭ.

ಸೆಲ್ಲಿನ ಮಾತು ಬಾಕಿ ಇದೆ. ಸೆಲ್ಲಿನಲ್ಲಿ ಬಲ ಕುಂದಿದರೆ ದನಿ ಮೆಲ್ಲಗೆ ಇಳಿದು ಎಚ್ಚರಿಸುವುದಿಲ್ಲ, ಒಮ್ಮೆಗೇ ನಿಂತುಬಿಡುತ್ತದೆ. ನಿನ್ನೆಯ ಮದುವೆಗೆ ಹಾಕಿದ್ದ ಸೆಲ್ಲು ಇಂದಿನ ತಪಸ್ಸಿಗೆ ಬೇಡ. ಅರ್ಜುನ ಹತ್ತುವ ಮೊದಲು ಹೊಸದು ಹಾಕಿ, ತುದಿಗೆ ಹೋಗಿ ಬದಲಿಸಲು ಯಾರಿಂದಲೂ ಆಗದು.

ಇಷ್ಟೆಲ್ಲ ಮಾಡಿದರೂ ರಾತ್ರಿ 10ರ ಗಡಿಯೊಂದಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಸರ್ಕಾರ ಸಡಿಲಿಸಿದರೆ, ನಡುರಾತ್ರಿಯವರೆಗೆ ಅವಕಾಶ. ಕೂತ್ತು ಕೋಳಿ ಕೂಗುವವರೆಗೆ ನಡೆಯುವ ಆಟ. ಪರೀಕ್ಷೆಗೆ ಓದುವ ಮಕ್ಕಳಿಗೂ ರೋಗಿಗಳಿಗೂ ನಿದ್ದೆ ಬೇಕೆಂಬುದನ್ನು ಅಲ್ಲಗಳೆಯಲಾರೆ, ನಿಯಮ ನ್ಯಾಯವಾದದ್ದೇ. ಹಾಗಿದ್ದರೆ ನಡುರಾತ್ರಿಯ ನಂತರದ ಆಟ ಯಾವ ಬಲದ ಮೇಲೆ ನಡೆಯಬೇಕು? ಗಂಟಲಿನ ಬಲದ ಮೇಲೆಯೇ. ಮೈಕಿನ ಮುಂದೆಯೇ ಕಲಿತ ಹೊಸ ಹುಡುಗರಿಗೆ ಆ ಗಂಟಲನ್ನು ಯಾರು ಕಟ್ಟಿಕೊಡುತ್ತಾರೆ ಎಂಬುದು ಹಳೆಯ ವಾದ್ಯಾರರು ಯೋಚಿಸಬೇಕಾದ ವಿಷಯ. ಹಬ್ಬದ ಕಾರ್ಯಕ್ರಮ ಗೊತ್ತುಮಾಡುವಾಗ ಅರ್ಜುನನ ತಪಸ್ಸನ್ನು, ಪಡುಕಳವನ್ನು ಹಗಲಿನಲ್ಲಿಟ್ಟುಕೊಂಡರೆ ಮೈಕಿಗೂ ನಿಯಮಕ್ಕೂ ಜಗಳವಿಲ್ಲ.

ಗಂಟಲಿಲ್ಲದವರ ಮಾತಿಗೆ ಮತ್ತೆ ಬರುತ್ತೇನೆಂದಿದ್ದೆ. ಕಾರ್ಡ್‌ಲೆಸ್ ಮೈಕು ಆಟಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ಜಾಗ ನಮ್ಮ ಗ್ರಾಮಸಭೆ ಎಂದು ನನಗನ್ನಿಸುತ್ತದೆ. ತಮಿಳುನಾಡಿನಲ್ಲಿ ವರ್ಷಕ್ಕೆ ನಾಲ್ಕು ಇದ್ದ ಗ್ರಾಮಸಭೆಗಳನ್ನು 2022ರಲ್ಲಿ ಆರು ಮಾಡಿದರು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಇವುಗಳ ಜೊತೆಗೆ ಮಾರ್ಚ್ 22 ಮತ್ತು ನವೆಂಬರ್ 1 ಸೇರಿದವು. ಸಭೆಯಲ್ಲಿ ಮೈಕು ಎಲ್ಲಿರುತ್ತದೆ? ಮುಂದೆ, ಅಧ್ಯಕ್ಷರ ಮೇಜಿನ ಬಳಿ. ಕೊನೆಯಲ್ಲಿ ಕೂತ ಅಜ್ಜಿಗೆ ನೀರಿನ ಕೊಳಾಯಿಯ ದೂರಿದೆ. ಮನೆಮಾತು ಕನ್ನಡ, ತಮಿಳು ಬರುತ್ತದೆ ಆದರೆ ಸಭೆಯಲ್ಲಿ ಎದ್ದು ಆಡುವಷ್ಟು ಧೈರ್ಯವಿಲ್ಲ. ಮೈಕು ಇರುವಲ್ಲಿಗೆ ಹೋಗಬೇಕಾದರೆ ಗಂಡಸರ ಸಾಲುಗಳನ್ನು ದಾಟಿ, ಎಲ್ಲರ ಕಣ್ಣೆದುರು ನಡೆದು ಹೋಗಬೇಕು. ಅವಳು ಹೋಗುವುದಿಲ್ಲ. ಪಕ್ಕದವಳ ಕಿವಿಯಲ್ಲಿ ಹೇಳಿ ಸುಮ್ಮನಾಗುತ್ತಾಳೆ. ನಡಾವಳಿ ಪುಸ್ತಕದಲ್ಲಿ ಅವಳ ದೂರು ಬರುವುದಿಲ್ಲ.

ತಂತಿಯಿಲ್ಲದ ಮೈಕಾದರೆ ಅವಳು ನಡೆಯಬೇಕಾಗಿಲ್ಲ, ಮೈಕೇ ಅವಳ ಬಳಿಗೆ ನಡೆದು ಹೋಗುತ್ತದೆ. ಕೂತಲ್ಲಿಂದಲೇ, ಅವಳಿಗೆ ಬಾಯಿಗೆ ಬಂದ ಭಾಷೆಯಲ್ಲಿ, ಮೆಲ್ಲಗೆ ಹೇಳಿದರೂ ಮೇಜಿನವರಿಗೆ ಕೇಳುತ್ತದೆ. ಪಕ್ಕದವರು ತಮಿಳಿಗೆ ತಿರುಗಿಸಿ ಹೇಳಬೇಕಾದರೆ ಅದೇ ಮೈಕು ಅವರ ಕೈಗೆ ದಾಟುತ್ತದೆ. ಮೈಕನ್ನು ಸಾಲಿನಿಂದ ಸಾಲಿಗೆ ಒಯ್ಯಲು ಶಾಲೆಯ ಒಬ್ಬ ಚುರುಕು ಹುಡುಗಿ ಸಾಕು. ಮುಂದಿನ ಸಾಲಿನಲ್ಲೇ ಯಾರಾದರೂ ಹಿಡಿದುಕೊಂಡು ಬಿಡದಿದ್ದರೆ ಏನು ಮಾಡಬೇಕೆಂಬುದನ್ನೂ ಅವಳಿಗೆ ಮೊದಲೇ ಹೇಳಿಕೊಟ್ಟಿರಿ.

ಮುಂದಿನ ಗ್ರಾಮಸಭೆಗೆ ಮೈಕ್ ಸೆಟ್ ಹೇಳುವಾಗ ಮೇಜಿಗೆ ತಂತಿಯದು ಒಂದು, ಸಭೆಯೊಳಗೆ ತಿರುಗಲು ಕಾರ್ಡ್‌ಲೆಸ್ ಒಂದು ಎಂದು ಬಾಡಿಗೆಯವರಿಗೆ ಬಿಡಿಸಿ ಹೇಳಿ. ಸೆಲ್ಲನ್ನು ಪಂಚಾಯಿತಿಯವರೇ ಹೊಸದಾಗಿ ಕೊಂಡು ತರಲಿ, ಎರಡು ಜೊತೆ. ಗ್ರಾಹಕವನ್ನು ಬೇವಿನ ಮರದ ಕಟ್ಟೆಯ ಮೇಲೆ, ಹೆಂಗಸರು ಕೂರುವ ಕಡೆಗೆ ಕಾಣುವಂತೆ ಇಡಿಸಿ.